ದೊಡ್ಡ ಟೈರು, ಎಡಗಡೆ ಸೀಟು

ಮಾರ್ಚ್ 3, ಸೋಮವಾರ

ಇವತ್ತೂ ಹೊಟ್ಟೆ ತಾಗಿತು. ನನ್ನದಲ್ಲ, ಪಿಕಪ್ ಗಾಡಿಯದು. ಗುಡ್ಡದ ಮೇಲಿನ ಕೆಲಸಗಾರರ ಕ್ಯಾಂಪಿಗೆ ಬ್ರೆಡ್ಡು, ಬನ್ನು ಒಯ್ಯುವಾಗ, ಅದೇ ಮೂರನೇ ತಿರುವಿನಲ್ಲಿ. ಕೆಳಗೆ ಕರ್ ಎಂದಿತು. ನನ್ನ ಹಲ್ಲಿನೊಳಗೂ ಕರ್ ಎಂದಿತು. ಇಳಿದು ಕಲ್ಲಿನ ಮೇಲೆ ಮಲಗಿ ನೋಡಿದೆ. ಆಯಿಲ್ ಸೋರಿಲ್ಲ. ಮತ್ತೆ ನೋಡಿದೆ. ಸೋರಿಲ್ಲ.

ಎಡಗಡೆ ಸೀಟಿನಿಂದ ನನ್ನವಳ ಕೂಗು: "ರೀ, ಅಲ್ಲೇ ನಿದ್ದೆ ಮಾಡ್ತೀರಾ? ದಿಂಬು ಕೊಡ್ಲಾ?"

ಅವಳಿಗೆ ನಗು. ಕಂದಕ ಇರುವುದು ಅವಳ ಕಡೆಗೆ, ಬೆವರುವವನು ನಾನು. ಆ ತಿರುವು ಬಲಕ್ಕೆ ಹೊರಳುತ್ತದೆ. ಮೊದಲು ಎಡಕ್ಕೆ, ಅಂಚಿನವರೆಗೂ ಒತ್ತಿದರೆ ಮಾತ್ರ ಗಾಡಿ ತಿರುಗುವುದು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳುತ್ತಾಳೆ — ಎಡಕ್ಕೆ ಒತ್ತಿ, ಇನ್ನೂ ಒತ್ತಿ, ಸಾಕು, ಹೋಗಿ. ಅವಳ ಬಾಯಿ ಇಲ್ಲದೆ ಒಂದು ದಿನವೂ ಅದನ್ನು ದಾಟಿದವನಲ್ಲ.

ಸಂಜೆ ಬೇಕರಿ ಯಜಮಾನರು ಕರೆದರು. "ಏನಪ್ಪಾ, ಇಲ್ಲಿಂದ ಬನ್ನು ಕಳಿಸಿದ್ರೆ ಅಲ್ಲಿಗೆ ಹೊತ್ತಾಗಿ, ಒಣಗಿ ಬಿಸ್ಕತ್ತಾಗಿ ತಲುಪುತ್ತಂತೆ? ಹೀಗೇ ಆದ್ರೆ ಗುಡ್ಡದ ಲೈನು ಬೇರೆಯವರಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡ."

ಗುಡ್ಡ ಹೋದರೆ ನನಗೆ ಉಳಿಯುವುದೇನು... ಮೂಲೆಯ ಎರಡು ಅಂಗಡಿ. ಅವಕ್ಕೆ ಸೈಕಲ್ ಸಾಕು.

ಮಾರ್ಚ್ 4, ಮಂಗಳವಾರ

ಟೈರಂಗಡಿಗೆ ಹೋದೆ. ಅಂಗಡಿಯವನನ್ನು ಎಲ್ಲರೂ ಗಾಳಿ ಮಾಮ ಅನ್ನುತ್ತಾರೆ. ಟೈರಿಗೂ ತುಂಬುತ್ತಾನೆ, ಮನುಷ್ಯರಿಗೂ ತುಂಬುತ್ತಾನೆ.

"ಕಂಪನಿ ಸೈಜು ತೆಗೆದು ಬಿಸಾಕು. ದೊಡ್ಡದು ಹಾಕು. ಆನೆ ಥರ ಹೋಗುತ್ತೆ ಗಾಡಿ."

"ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜಿದ್ರೆ, ಮಾಮ?"

"ಉಜ್ಜಲ್ಲ."

"ಲೋಡ್ ಇದ್ದಾಗ?"

"ನೀನು ಹೊರೋದು ಬನ್ನು ಕಣೋ, ಬಂಡೆ ಅಲ್ಲ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಗಾಡಿ ಕಂಪನಿಯಿಂದ ಬಂದ ಹಾಗೇ ಇದೆ, ನಾನು ಒಂದು ನಟ್ಟೂ ಬದಲಿಸಿದವನಲ್ಲ. ಟೈರು ದೊಡ್ಡದಾದರೆ ಮೀಟರು ಸುಳ್ಳು ಹೇಳುತ್ತದಂತೆ. ಮೂವತ್ತು ಅಂತ ತೋರಿಸುವಾಗ ನಿಜವಾಗಿ ಅದಕ್ಕಿಂತ ಜಾಸ್ತಿ ಓಡುತ್ತಿರುತ್ತದಂತೆ. ಬ್ರೇಕು ತಡವಾಗಿ ಹಿಡಿದರೆ? ಏರಿನಲ್ಲಿ ಎಳೆಯದಿದ್ದರೆ? ಸ್ಟೆಪ್ನಿಯೂ ದೊಡ್ಡದೇ ಬೇಕು, ಅದು ಕೆಳಗಿನ ಜಾಗದಲ್ಲಿ ಹಿಡಿಯದಿದ್ದರೆ? ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಲೆಕ್ಕ ಹಾಕಲು ಹೋದರೆ ತಲೆ ಗಿರ್ ಅನ್ನುತ್ತದೆ, ಹಾಕದಿದ್ದರೆ ಎದೆ.

ಮಾರ್ಚ್ 7, ಶುಕ್ರವಾರ

ಟೇಪು ಹಿಡಿದು ಅಳೆದೆ. ಸ್ಟೀರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಬೆರಳು ಹಿಡಿಯುತ್ತವೆ ಎಂದು ನೋಡಿದೆ. ಖಾಲಿ ಗಾಡಿಯಲ್ಲಿ ಅಳೆದು ಏನು ಪ್ರಯೋಜನ, ಲೋಡ್ ಬೇಕು. ಹಿಂದೆ ಹತ್ತಿ ಕೂತುಕೋ ಅಂದೆ ಅವಳಿಗೆ.

"ನಾನೇನು ಹಿಟ್ಟಿನ ಮೂಟೆನಾ?" ಅಂದವಳು ಗೋಡೆ ಹಿಡಿದುಕೊಂಡು ನಿಧಾನಕ್ಕೆ ಒಳಗೆ ಹೋದಳು. ಸಿಟ್ಟು ಬಂದಿರಬೇಕು.

ಬೇಕರಿಯಿಂದ ನಿಜವಾದ ಹಿಟ್ಟಿನ ಮೂಟೆಗಳನ್ನೇ ತಂದು ಹೇರಿ ಮತ್ತೆ ಅಳೆದೆ. ಒಂದು ಸೈಜ್ ದೊಡ್ಡದಾದರೆ ಹೊಟ್ಟೆ ಇನ್ನೂ ತಾಗಬಹುದು. ಎರಡು ಸೈಜ್ ದೊಡ್ಡದಾದರೆ ಗಾಡಿ ಎರಡು ಬೆರಳು ಮೇಲೇಳುತ್ತದೆ. ಮಡ್‌ಗಾರ್ಡಿಗೆ ಉಜ್ಜುವುದಿಲ್ಲ — ಕೂದಲೆಳೆಯಷ್ಟು ಜಾಗ ಇದೆ. ಎರಡು ಸೈಜೇ ಸರಿ. ಸರಿಯೇ?

ಮಾರ್ಚ್ 8, ಶನಿವಾರ

ಹಾಕಿಸಿದೆ. ಸ್ಟೆಪ್ನಿ ಕೆಳಗೆ ಹಿಡಿಯಲಿಲ್ಲ, ಹಿಂದೆ ಟ್ರೇಗಳ ಪಕ್ಕದಲ್ಲಿ ಕಟ್ಟಿದ್ದಾಯಿತು. ಹಳೆಯ ಟೈರು ಒಂದು ವಾರ ಇಟ್ಟಿರು ಮಾಮ, ಅಂದೆ. "ಯಾಕೋ, ಅವುಗಳ ಮೇಲೆ ಪ್ರೀತಿನಾ?" ಅಂದ. ಆದರೂ ಇಟ್ಟುಕೊಂಡಿದ್ದಾನೆ.

ಗಾಡಿ ಎದೆ ಸೆಟೆಸಿ ನಿಂತ ಹಾಗೆ ಕಾಣುತ್ತದೆ. ನನಗಿಂತ ಧೈರ್ಯವಂತ.

ಮಾರ್ಚ್ 10, ಸೋಮವಾರ

ಎಲ್ಲಾ ಅಳೆದೆ. ಬಾಗಿಲು ಅಳೆಯಲಿಲ್ಲ.

ಬೆಳಿಗ್ಗೆ ಲೋಡ್ ಆಯಿತು. ಅವಳು ಬಂದಳು, ಬಾಗಿಲ ಹಿಡಿ ಹಿಡಿದಳು, ಕಾಲೆತ್ತಿದಳು. ಎಟುಕಲಿಲ್ಲ. ಮತ್ತೆ ಎತ್ತಿದಳು. ಮುಖ ಬಿಳಿಚಿತು. ಖಾಲಿ ಟ್ರೇ ಬೋರಲು ಹಾಕಿ ಕೊಟ್ಟೆ. ಅದರ ಮೇಲೂ ಆಗಲಿಲ್ಲ, ಬಾಗಿಲು ಹಿಡಿದು ಹಾಗೇ ನಿಂತುಬಿಟ್ಟಳು.

"ಏನಾಯ್ತೇ?"

"ಮಂಡಿ."

"ಇವತ್ತಾ?"

"ಹೋದ ವರ್ಷದಿಂದ ರೀ. ಹಳೇ ಎತ್ತರಕ್ಕೇ ಉಸಿರು ಬಿಗಿಹಿಡಿದು ಹತ್ತುತ್ತಿದ್ದೆ."

ವರ್ಷವಿಡೀ ಪಕ್ಕದಲ್ಲೇ ಕೂತಿದ್ದಳು. ಗಾಡಿಯ ಹೊಟ್ಟೆ ಕರ್ ಎಂದದ್ದು ಮಾತ್ರ ನನಗೆ ಕೇಳಿಸಿತು.

ಗುಡ್ಡಕ್ಕೆ ಹೋಗಲಿಲ್ಲ. ಟ್ರೇ ಇಳಿಸಿ ವಾಪಸ್ ಕೊಟ್ಟೆ. ಗಾಡಿ ಕೆಟ್ಟಿದೆ ಅಂದೆ.

ಮಾರ್ಚ್ 11, ಮಂಗಳವಾರ

ಹಳೆಯ ಟೈರು ಹಾಕಿಸಿಕೊಂಡು ಬರುತ್ತೇನೆ ಅಂದೆ. ಕೀ ಕಿತ್ತುಕೊಂಡಳು.

"ಹಾಕಿಸಿದ್ರೂ ನಾನು ಹತ್ತಲ್ಲ. ಮೆಟ್ಟಿಲೇ ಬೇಡ ಅಂದಿದ್ದಾರೆ ಡಾಕ್ಟ್ರು."

"ಡಾಕ್ಟ್ರ ಹತ್ರ ಯಾವಾಗ ಹೋದೆ?"

"ನೀವು ಟೈರಂಗಡೀಲಿ ಮಾಮನ ಪ್ರಾಣ ತಿಂತಿದ್ರಲ್ಲ, ಆಗ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಗಾಡಿ ಮಾರ್ತೀನಿ ಅಂತಿದ್ರಿ. ನಾನೇನು ಬನ್ನು ಕಾಯೋಕೆ ಬರ್ತಿದ್ನಾ? ನಿಮ್ಮನ್ನ ಕಾಯೋಕೆ ಬರ್ತಿದ್ದೆ. ಇನ್ನು ಆಗಲ್ಲ ರೀ. ಒಬ್ಬರೇ ಹೋಗಿ."

ಕೀ ವಾಪಸ್ ನನ್ನ ಕೈಗಿಟ್ಟು ಒಳಗೆ ಹೋದಳು.

ಮಾರ್ಚ್ 15, ಶನಿವಾರ

ಗಾಡಿ ನಿಂತಲ್ಲೇ ಇದೆ. ದಿನಾ ಒರೆಸುತ್ತೇನೆ. ಯಜಮಾನರು ಹೇಳಿ ಕಳಿಸಿದ್ದಾರೆ — ಸೋಮವಾರ ಹೋಗದಿದ್ದರೆ ಲೈನು ಹೋಯಿತು ಅಂತ ತಿಳಿದುಕೋ. ಗಾಳಿ ಮಾಮನೂ ಕೇಳಿದ, ಹಳೆಯವನ್ನು ಮಾರಲಾ ಎಂದು. ತಲೆ ಆಡಿಸಿದೆ. ಹೌದು ಅಂತಲೋ ಬೇಡ ಅಂತಲೋ ನನಗೇ ಗೊತ್ತಿಲ್ಲ. ಅವನು ಹೌದು ಅಂದುಕೊಂಡ.

ಮಾರ್ಚ್ 17, ಸೋಮವಾರ. ಗುಡ್ಡದಲ್ಲಿ

ಮೂರನೇ ತಿರುವಿನ ಕೆಳಗೆ ನಿಲ್ಲಿಸಿದ್ದೇನೆ. ಡೈರಿ ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ.

ಇಲ್ಲಿಯವರೆಗೂ ಹೊಟ್ಟೆ ತಾಗಲಿಲ್ಲ. ಉಜ್ಜಲೂ ಇಲ್ಲ. ಬ್ರೇಕು ಹಿಡಿಯುತ್ತಿದೆ. ಹೆದರಲು ಹುಡುಕಿದರೂ ಏನೂ ಸಿಗುತ್ತಿಲ್ಲ, ಮುಂದಿರುವ ಈ ಒಂದನ್ನು ಬಿಟ್ಟು.

ಹೊರಡುವಾಗ ಅವಳು ಕೆಳಗೇ ನಿಂತು ಎಡಗಡೆಯ ಕನ್ನಡಿಯನ್ನು ಬಗ್ಗಿಸಿದಳು. ಹಿಂದಿನ ಚಕ್ರವೂ ಅಂಚೂ ಈಗ ಅದರಲ್ಲಿ ಕಾಣುತ್ತವೆ. "ನಾನು ನೋಡ್ತಿದ್ದದ್ದು ಇಷ್ಟೇ ರೀ," ಅಂದಳು. ಇಷ್ಟೇನಾ? ಇಲ್ಲಿ ನೋಡಿದರೆ ಚಕ್ರದ ಪಕ್ಕದಲ್ಲಿ ಒಂದು ಮೊಳ ಮಣ್ಣು. ಆಮೇಲೆ ಬರೀ ಗಾಳಿ. ಇದನ್ನು ನೋಡುತ್ತಲೇ ಅವಳು ದಿಂಬು ಕೊಡ್ಲಾ ಅಂತ ನಗುತ್ತಿದ್ದಳು.

ಸೀಟು ಖಾಲಿ. ಎಡಗಡೆ ಕಿಟಕಿ ಇಳಿಸಿದ್ದೇನೆ. ಯಾಕೆ ಅಂತ ಗೊತ್ತಿಲ್ಲ.

ಹಿಂದೆ ಲೋಡ್ ಲಾರಿ ಬಂದಿದೆ. ಹಾರನ್ ಹೊಡೆಯುತ್ತಿದ್ದಾನೆ. ಡೈರಿ ಮುಚ್ಚಿ ಹೊರಡಬೇಕು. ಬಾಯಿಬಿಟ್ಟು ನಾನೇ ಹೇಳಿಕೊಳ್ಳಬೇಕು, ಅವಳ ಹಾಗೆ ಜೋರಾಗಿ. ಎಡಕ್ಕೆ ಒತ್ತಿ. ಇನ್ನೂ ಒತ್ತಿ. ಇನ್ನೂ —