ಪಾದ್ರಿಯ ಬಾಯಲ್ಲಿ ಬಿರುಗಾಳಿ

ಕೇಂಬ್ರಿಜ್, 4 ಫೆಬ್ರವರಿ 1884

ಬೆಳಿಗ್ಗೆ ಪದ್ಯ ಓದುತ್ತಾ ಮತ್ತೆ ಮೇಜು ಕುಟ್ಟಿದೆ. ಸಾಲಿಗೆ ನಾಲ್ಕು ಪೆಟ್ಟು. ನಮ್ಮ ಸಾವಿರ ವರ್ಷ ಹಳೆಯ ಇಂಗ್ಲಿಷ್ ಪದ್ಯ ಅಕ್ಷರ ಎಣಿಸುವುದಿಲ್ಲ, ಹೀಗೇ ಹೆಜ್ಜೆ ಹಾಕುತ್ತದೆ. ವರ್ಷಗಳಿಂದ ಹೇಳುತ್ತಿದ್ದೇನೆ, ಒಬ್ಬರೂ ನಂಬಿಲ್ಲ. ಡಾರ್ಕಸ್ ಅತ್ತೆ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಚಹಾ ಚೆಲ್ತು ನೋಡೇ ಹೆಸ್ಟರ್. ನಿನ್ನ ಪದ್ಯ ಬಂದು ಒರೆಸುತ್ತಾ?"

ಮಧ್ಯಾಹ್ನದ ಟಪಾಲು — ವಿದ್ವಾಂಸರ ಸಂಘ ಇದೇ ಕುರಿತ ನನ್ನ ಪ್ರಬಂಧ ಒಪ್ಪಿದೆ! ಮುಂದಿನ ವಾರ ಸಭೆ. ಆದರೆ ಅಲ್ಲಿ ಹೆಂಗಸರು ಓದುವ ಪದ್ಧತಿ ಇಲ್ಲ. ನನ್ನ ಪರವಾಗಿ ಪಾದ್ರಿ ಥ್ವೇಟ್ ಓದುತ್ತಾರಂತೆ. ಅಯ್ಯೋ. ಅವರ ಉಪದೇಶಕ್ಕೆ ಊರೇ ನಿದ್ದೆ ಹೋಗುತ್ತದೆ. ಪೆಟ್ಟು ಕಿವಿಗೆ ಬೀಳದಿದ್ದರೆ ನನ್ನ ವಾದ ಸತ್ತಂತೆ.

9 ಫೆಬ್ರವರಿ

ಥ್ವೇಟ್ ಅಭ್ಯಾಸಕ್ಕೆ ಬಂದರು. ಒಳ್ಳೆಯವರು. ಬನ್ನು ಚೆನ್ನಾಗಿ ತಿಂದರು.

"ಇಲ್ಲಿ ಕುಟ್ಟಿ ಸಾರ್, ಇಲ್ಲಿ."

"ಕುಟ್ತಾ ಇದೀನಲ್ಲಮ್ಮಾ!"

ಕುಟ್ಟುತ್ತಿದ್ದದ್ದು ನಿಜ. ಪದ್ಯಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಪದ್ಯದಲ್ಲಿನ ಸಮುದ್ರದ ಬಿರುಗಾಳಿ ಅವರ ಬಾಯಲ್ಲಿ ಶವಸಂಸ್ಕಾರದ ಪ್ರಾರ್ಥನೆ. ಅಳು ಬಂತು, ನಗುವೂ ಬಂತು.

16 ಫೆಬ್ರವರಿ, ಬೆಳಿಗ್ಗೆ

ನಿನ್ನೆ ಸಂಘದ ಸಭೆ.

ನಾನೂ ಅತ್ತೆಯೂ ಹಿಂದಿನ ಬೆಂಚಿನಲ್ಲಿ — ಜೊತೆಗೆ ಹಿರಿಯ ಹೆಂಗಸಿಲ್ಲದೆ ನನ್ನನ್ನು ಒಳಗೇ ಬಿಡುವುದಿಲ್ಲ. ಥ್ವೇಟ್ ಎದ್ದರು. ಬಿರುಗಾಳಿಯ ಸಾಲುಗಳನ್ನು ಎಳೆದೆಳೆದು ಓದಿ ನಿಲ್ಲಿಸಿದರು. ಮುಂದಿನ ಸಾಲಿನ ಮುದುಕರು, ಕಣ್ಣು ಮುಚ್ಚಿಕೊಂಡೇ, ಒಟ್ಟಿಗೆ: "ಆಮೆನ್."

ಸಭೆ ಹೋ ಎಂದು ನಕ್ಕಿತು. ಥ್ವೇಟ್ ಕೆಂಪಾದರು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕರು. "ನಾನು ಓದಿದ್ರೆ ಎಲ್ಲಾನೂ ಪ್ರಾರ್ಥನೆನೇ ಆಗುತ್ತೆ ಅಧ್ಯಕ್ಷರೇ. ಬರೆದೋರು ಅಲ್ಲೇ ಕೂತಿದ್ದಾರಲ್ಲ!"

"ಪದ್ಧತಿ ಇಲ್ವಲ್ಲ..." ಎಂದು ಅಧ್ಯಕ್ಷರು ಗಡ್ಡ ಕೆರೆದರು.

ಅತ್ತೆ ಹೆಣಿಗೆ ಕಡ್ಡಿಯಿಂದ ನನ್ನ ಪಕ್ಕೆಗೆ ತಿವಿದಳು. "ಏಳೇ! ಅವರು ಪದ್ಧತಿ ಹುಡುಕೋದ್ರೊಳಗೆ ಓದಿ ಮುಗಿಸು."

ಎದ್ದೆ. ಬೆಂಚು ಕುಟ್ಟಿಕೊಂಡೇ ಓದಿದೆ. ಯಾರದೋ ಬೂಟು ಜೊತೆಗೂಡಿತು. ಆಮೇಲೆ ಮುದುಕರ ಊರುಗೋಲುಗಳು. ಕೊನೆಗೆ ಇಡೀ ನೆಲವೇ ನನ್ನ ಪರ ವಾದಿಸುತ್ತಿತ್ತು. ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಅಧ್ಯಕ್ಷರು, "ಇನ್ನೊಂದ್ಸಲ ಓದಮ್ಮ" ಎಂದರು.

17 ಫೆಬ್ರವರಿ

ಅಡುಗೆಮನೆಯಿಂದ ಸದ್ದು. ಅತ್ತೆ ಓಟ್ಸ್ ಗಂಜಿ ತಿರುವುತ್ತಾ ಬಿರುಗಾಳಿಯ ಸಾಲು ಗುನುಗುತ್ತಿದ್ದಾಳೆ! ಆ ಹಳೆಯ ಭಾಷೆಯ ಅರ್ಥ ಅವಳಿಗೆ ಒಂದಿಷ್ಟೂ ಗೊತ್ತಿಲ್ಲ. ಸೌಟಿನ ಪೆಟ್ಟು ಒಂದೂ ತಪ್ಪುತ್ತಿಲ್ಲ. ಇಣುಕಿದೆ.

"ಏನ್ ನೋಡ್ತೀಯಾ? ತಳ ಹಿಡೀಬಾರ್ದು ಅಂತ ಕುಟ್ತಿದೀನಿ, ಅಷ್ಟೇ."

ಆಹಾ, ಅಷ್ಟೇ! ಬರೆದದ್ದು ಸಾಕು. ಇನ್ನೊಂದು ಸೌಟು ಎಲ್ಲಿ —