ಜೀಪಿನ ಎಂಟು ಮೂರಾದದ್ದು

ಚಳ್ಳಕೆರೆ
೧೪ ಅಕ್ಟೋಬರ್ ೨೦೦೧

ಮೊಳಕಾಲ್ಮೂರಿನ ತವರಲ್ಲಿ ಮುನಿಸಿಕೊಂಡು ಕೂತಿರುವ ನನ್ನ ಅವ್ವನಿಗೆ,

ನಮ್ಮ ಜೀಪಿನ ನಂಬರು ಅಳಿಸಿದವರು ಸಿಕ್ಕಿದರು. ಮಾವನ ಮನೆಗೆ ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ನೀನು ಫೋನ್ ಹಿಡಿದರೆ ಪಡಸಾಲೆಯಲ್ಲಿರುವವರೆಲ್ಲ ಸುತ್ತ ನಿಲ್ಲುತ್ತಾರೆ. ಇದು ನೀನೊಬ್ಬಳೇ ತಿಳಿಯಬೇಕಾದ ಸಂಗತಿ. ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಕೂತು ನೀನೇ ಓದಿಕೊ, ಅತ್ತೆಯ ಕೈಗೆ ಮಾತ್ರ ಕೊಡಬೇಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹೊತ್ತು ಬರುತ್ತದೆ, ಆಗ ಯಾರೂ ಪಕ್ಕದಲ್ಲಿರುವುದು ಬೇಡ.

ಅಪ್ಪ ತೀರಿಕೊಂಡ ಮೇಲೆ ಜೀಪನ್ನು ನನ್ನ ಹೆಸರಿಗೆ ಮಾಡಿಸೋಣ ಅಂತ ಪ್ರವಾಸಿ ಮಂದಿರದ ಹತ್ತಿರದ ಆರ್‌ಟಿಒ ಕ್ಯಾಂಪಿಗೆ ಹೋದೆವಲ್ಲ, ಆ ದಿನ ನೆನೆದರೆ ನನಗೆ ಈಗಲೂ ಮೈ ಬಿಸಿಯಾಗುತ್ತದೆ. ಆರ್‌ಸಿ ಪುಸ್ತಕದಲ್ಲಿ ಚಾಸಿ ನಂಬರಿನ ಕೊನೆಯ ಅಂಕಿ ಎಂಟು, ಜೀಪಿನೊಳಗಿನ ಹಿತ್ತಾಳೆ ತಗಡಿನಲ್ಲಿ ಮೂರು. ಮೇಲಾಗಿ ಆ ತಗಡು ಕಾರ್ಖಾನೆಯದ್ದೇ ಅಲ್ಲ, ಯಾರೋ ಒಂದೊಂದೇ ಅಂಕಿ ಕೈಯಲ್ಲಿ ಹೊಡೆದು ಕೂರಿಸಿದ್ದು ಎಂದರು ಇನ್‌ಸ್ಪೆಕ್ಟರ್. ಕದ್ದ ಗಾಡಿಯೂ ಇರಬಹುದು, ತೀರ್ಮಾನವಾಗುವವರೆಗೆ ರಸ್ತೆಗೆ ಇಳಿಸಬೇಡಿ ಅಂದರು. ನಮ್ಮ ಜೊತೆ ಬಂದಿದ್ದ ಮೆಕ್ಯಾನಿಕ್ ಬುಡೇನ್ ಸಾಬರ ಕಡೆ ನೀನು ಕೈ ತೋರಿಸಿದೆ.

"ಮೂವತ್ತು ವರ್ಷದಿಂದ ಈತನ ಕೈ ಬಿಟ್ರೆ ಇನ್ನೊಬ್ರ ಕೈ ಬಿದ್ದಿಲ್ಲ ಸ್ವಾಮಿ. ನಮ್ ಜೀಪು ಮಾರ್ಕೊಂಡು ಯಾವ್ದೋ ತಂದು ನಿಲ್ಸವ್ನೆ. ಇನ್ನ ನೀನು ನಮ್ಮ ಅಂಗ್ಳ ತುಳೀಬ್ಯಾಡ."

ಅಷ್ಟು ಜನರ ಎದುರಿಗೆ ಅವ್ವಾ! ಅವರು ಹೆಗಲ ಟವೆಲಿನಿಂದ ಕೈ ಒರೆಸಿಕೊಂಡು ಹೊರಟುಹೋದರು. ನಾನೋ, ಅವರನ್ನು ತಡೆಯದೆ ನೆಲ ನೋಡುತ್ತ ನಿಂತೆ. ನಿನ್ನ ಮಾತು ನನಗೂ ನಿಜ ಅನ್ನಿಸಿತ್ತು. ಅದೇ ನನ್ನ ನಾಚಿಕೆ.

ಆ ಜೀಪಿನ ಮುಖ ನೋಡಲಾರೆ ಅಂತ ನೀನು ಮರುದಿನವೇ ಬಸ್ಸು ಹತ್ತಿದೆ. ನಾನು ಇನ್‌ಸ್ಪೆಕ್ಟರ್ ಹತ್ತಿರ ಮತ್ತೆ ಹೋದೆ. ಸ್ಕ್ರೂ ಬಿಚ್ಚಿದರೆ ತಗಡು ಬದಲಾಗುತ್ತದೆ, ಆದರೆ ಕಾರ್ಖಾನೆಯಲ್ಲಿ ಗಾಡಿಯ ತಳದ ಚಾಸಿಯ ಕಬ್ಬಿಣಕ್ಕೇ ಹೊಡೆದ ನಂಬರು ಅಷ್ಟು ಸುಲಭವಾಗಿ ಹೋಗುವುದಿಲ್ಲ, ಅದನ್ನು ಹುಡುಕಿ ತೋರಿಸು ಅಂದರು. ಊರಿನ ಯಾವ ಮೆಕ್ಯಾನಿಕ್ಕೂ ಬರಲಿಲ್ಲ. ಬುಡೇನ್ ಸಾಬರು ನೋಡಿಕೊಳ್ಳುವ ಗಾಡಿಗೆ ನಾವು ಕೈ ಹಾಕಲ್ಲ ಅಂದರು. ಸರಿ, ಸೆರಗು ಸಿಕ್ಕಿಸಿ, ಸೀಮೆಎಣ್ಣೆ ಬಟ್ಟೆ, ಹಳೇ ಚಾಕು ಹಿಡಿದು ನಾನೇ ಜೀಪಿನ ಕೆಳಗೆ ತೂರಿದೆ. ತಳಕು ಊರಿನ ಶಾಲೆಯ ಟೀಚರಮ್ಮ ನಾನು, ಜೀಪಿನಡಿ ಅಂಗಾತ ಮಲಗಿದ್ದು ನೋಡಿ ಓಣಿಯೆಲ್ಲ ನಕ್ಕಿತು. ಮೂವತ್ತು ವರ್ಷದ ಗ್ರೀಸು, ಕೆಸರು, ಅಪ್ಪ ಹೊಡೆಸಿದ ನಾಲ್ಕು ಬಣ್ಣ, ಎಲ್ಲದರ ನಡುವೆ ಶೇಂಗಾ ಸಿಪ್ಪೆ. ಮೂರನೇ ದಿನ ಅಂಕಿಗಳು ಎದ್ದವು. ಇನ್‌ಸ್ಪೆಕ್ಟರ್ ಅವುಗಳ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಕೊನೆಯಲ್ಲಿ ಎಂಟು! ಎಂಜಿನ್ ನಂಬರೂ ಪುಸ್ತಕದ್ದೇ. ಅದು ಅಪ್ಪ ತಂದ ಜೀಪೇ ಅವ್ವಾ, ಒಂದಿಷ್ಟೂ ಬದಲಾಗಿಲ್ಲ. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಹಾಗಾದರೆ ತಗಡು ಮಾತ್ರ ಯಾಕೆ ಬೇರೆ? ಅದನ್ನು ಕೇಳಲು, ಕ್ಷಮೆ ಬೇಡಲು, ಬುಡೇನ್ ಸಾಬರ ಮನೆಗೆ ಹೋದೆ. ಅವರು ಬಾಯಿ ಬಿಡಲಿಲ್ಲ. ಅವರ ಹೆಂಡತಿ ಮದರ್ ಬೀಗೆ ತಡೆಯಲಾಗಲಿಲ್ಲ. ಒಳಗಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನನ್ನ ಮುಂದೆ ಕುಕ್ಕಿದರು. ಅದರಲ್ಲಿ ನಮ್ಮ ಜೀಪಿನ ಮೊದಲಿನ ತಗಡು ಇತ್ತು, ಪಳಪಳ ಹೊಳೆಯುತ್ತಿತ್ತು. ನಂಬರಿನ ಜಾಗ ಮಾತ್ರ ನುಣ್ಣಗೆ ಸವೆದಿತ್ತು. ನಡೆದದ್ದನ್ನೆಲ್ಲ ಅವರೇ ಹೇಳಿದರು.

ಈಗ ಹೆಗಲು ಮುಟ್ಟಿ ನೋಡಿಕೊ. ಅಮಾವಾಸ್ಯೆ ಅಮಾವಾಸ್ಯೆಗೂ ಜೀಪಿಗೆ ಪೂಜೆ ಮಾಡುವಾಗ ದೇವರ ದೀಪ, ತಂಬಿಗೆಗಳ ಜೊತೆ ಆ ತಗಡನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದವರು ಯಾರು? ಒಂಬತ್ತು ವರ್ಷ ತಿಕ್ಕಿದೆಯಂತೆ ಮಹಾತಾಯಿ! ಎಪ್ಪತ್ತೊಂಬತ್ತರಲ್ಲಿ ಬುಡೇನ್ ಸಾಬರು ಅದನ್ನು ನೋಡಿ ಹೆದರಿದರು. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಎಸೆಯುತ್ತಿದ್ದ ಅಪ್ಪ, ಇದಕ್ಕೆ ನಿನ್ನನ್ನು ಸುಮ್ಮನೆ ಬಿಡುತ್ತಿದ್ದರೇ? ಆರ್‌ಸಿ ಪುಸ್ತಕ ಕೇಳಿದರೆ ಅಪ್ಪ ಯಾಕೆ ಏನು ಅನ್ನುತ್ತಾರೆ. ಅದಕ್ಕೆ ಪುಸ್ತಕವನ್ನೂ ಕೇಳದೆ, ಮಾಸಿದ ಅಂಕಿಗಳನ್ನೇ ಬೆರಳಲ್ಲಿ ಸವರಿ ಓದಿ, ಹೊಸ ತಗಡಿಗೆ ಹೊಡೆದು, ಅಪ್ಪ ಊಟಕ್ಕೆ ಹೋದಾಗ ಕೂರಿಸಿಬಿಟ್ಟರು. ಇಂಗ್ಲಿಷ್ ಎಂಟರ ಎಡಭಾಗ ಪೂರ್ತಿ ಅಳಿಸಿತ್ತು, ಅವರಿಗೆ ಮೂರಾಗಿ ಕಂಡಿತು. ನೀನು ಮತ್ತೆ ತಿಕ್ಕದಿರಲಿ ಅಂತ ಮೇಲೆ ವಾರ್ನಿಷ್ ಬಳಿದರು. ತಗಡಿನ ಹೊಳಪು ಕೆಡಿಸಿದರು ಅಂತ ನೀನು ಎಷ್ಟು ವರ್ಷ ಗೊಣಗಿದೆ, ನೆನಪಿದೆಯಾ?

ಕ್ಯಾಂಪಿನಲ್ಲೇ ಇದನ್ನು ಹೇಳಬಾರದಿತ್ತೇ ಅಂತ ಕೇಳಿದೆ. ಬುಡೇನ್ ಸಾಬರು ಅಂದರು: "ಅಮ್ಮೋರು ಭಕ್ತೀಲಿ ತಿಕ್ಕಿದ್ದು, ಆಶವ್ವ. ಅದನ್ನ ತಪ್ಪು ಅಂತ ಅಷ್ಟು ಜನದ ಮುಂದೆ ಹೆಂಗೆ ಹೇಳ್ಲಿ?"

ನಿನಗೆ ತಿಳಿಸಬಾರದು ಅಂತ ನನ್ನಿಂದ ಆಣೆ ಕೇಳಿದರು. ನಾನು ಆಣೆ ಮಾಡಲಿಲ್ಲ. ಅವರಷ್ಟು ಒಳ್ಳೆಯವಳು ನಾನಲ್ಲ.

ಇನ್‌ಸ್ಪೆಕ್ಟರ್ ಸವೆದ ತಗಡು ನೋಡಿ ಮನಸಾರೆ ನಕ್ಕು ಕಾಗದಪತ್ರ ಮಾಡಿಕೊಟ್ಟರು. ಜೀಪು ಈಗ ನನ್ನ ಹೆಸರಿನಲ್ಲಿದೆ, ನನಗೆ ತುಂಬ ಸಂತೋಷವಾಗಿದೆ. ಸರಿಯಾದ ನಂಬರಿನ ತಗಡು ಮಾಡಿಕೊಡಲು ಬುಡೇನ್ ಸಾಬರೂ ಒಪ್ಪಿದ್ದಾರೆ. ಆದರೆ ಕೂರಿಸಲು ನಮ್ಮ ಮನೆಗೆ ಬರಲೊಲ್ಲರು. ಸಿಟ್ಟೇನೂ ಇಲ್ಲ. "ಅಮ್ಮೋರು ಬರಬ್ಯಾಡ ಅಂದವ್ರೆ, ಅಮ್ಮೋರೇ ಕರೀಬೇಕು" ಅಂದರು, ಅಷ್ಟೇ. ಅದು ನನ್ನಿಂದ ಆಗುವ ಕೆಲಸವಲ್ಲ. ಆಯುಧಪೂಜೆಗೆ ಇನ್ನು ಹನ್ನೊಂದು ದಿನ ಇದೆ. ಬಸ್ಸಿಳಿದವಳೇ ನೇರವಾಗಿ ಅವರ ಶೆಡ್ಡಿಗೆ ಹೋಗು. ಉದ್ದ ಮಾತು ಬೇಡ, ಮನೆಗೆ ಬರ್ರಿ ಅಂದರೆ ಸಾಕು.

ಇನ್ನೊಂದು ವಿಷಯ. ಇಷ್ಟು ವರ್ಷ ಅವರಿಗೆ ಟೀ ಕೊಡುತ್ತಿದ್ದ ಸ್ಟೀಲ್ ಲೋಟವನ್ನು ನೀನು ಜಗಲಿಯ ಗೂಡಿನಲ್ಲಿ ಬೇರೆ ಇಡುತ್ತಿದ್ದೆಯಲ್ಲ, ಅದನ್ನು ನಿನ್ನೆ ಒಳಗೆ ತಂದು ನಮ್ಮ ಲೋಟಗಳ ಜೊತೆಗೇ ತೊಳೆದು ಬೋರಲು ಹಾಕಿದೆ. ಬಂದು ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ಅವರದು ಯಾವುದು, ನಮ್ಮದು ಯಾವುದು ಅಂತ ಈಗ ನನಗೂ ಗೊತ್ತಾಗುತ್ತಿಲ್ಲ.

ನಾಯಕನಹಟ್ಟಿಯ ತಿಪ್ಪೇಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ, ಬೇಗ ಕಳಿಸಿಕೊಡಲಿ.

ನಿನ್ನ ದಾರಿ ನೋಡುತ್ತಿರುವ ಮಗಳು,
ಆಶಾ