ಹಿಂದಿನ ಕೋಣೆಯ ಚಳಿ

ಲೋವರ್ ಹಟ್

ಅಕ್ಕಾ,

ಫೋನಿನಲ್ಲಿ ಹೇಳಿದರೆ ಮಗಳು ಶ್ರೇಯಾಳಿಗೆ ಕೇಳಿಸುತ್ತದೆಂದು ಈ ಕಾರ್ಡು ಬರೆಯುತ್ತಿದ್ದೇನೆ.

ಈ ಪರದೇಶದಲ್ಲಿ ಚಳಿ ಮನೆಯೊಳಗೇ ಇರುತ್ತದೆ. ಬೆಳಗ್ಗೆ ಕಿಟಕಿ ಗಾಜಿನ ಒಳಗಡೆ ನೀರು ಇಳಿಯುತ್ತಿರುತ್ತದೆ, ದಿನಾ ಟವೆಲ್ಲಿನಿಂದ ಒರೆಸಿ ಹಿಂಡುತ್ತೇನೆ. ನಾವು ತಂಪಿಗೆ ಹಾಕಿಸುವ ಎಸಿಯನ್ನೇ ಇವರು ಬಿಸಿಗೆ ಹಾಕಿಸುತ್ತಾರೆ. ನಡುಮನೆಯಲ್ಲಿ ಒಂದಿದೆ, ನಾನು ಮಲಗುವ ಹಿಂದಿನ ಕೋಣೆಯಲ್ಲಿ ಇಲ್ಲ. ನನ್ನ ಕೆಮ್ಮು ಕೇಳಲಾರದೆ ಶ್ರೇಯಾ ಅಲ್ಲಿಗೂ ಒಂದು ಹಾಕಿಸಲು ಎಲೆಕ್ಟ್ರಿಷಿಯನ್ನನ್ನು ಕರೆಸಿದಳು. ಮನೆಯ ಹಳೇ ವೈರುಗಳನ್ನೂ ಬದಲಾಯಿಸಬೇಕಂತೆ. ಎಲ್ಲ ಸೇರಿ ಅವನು ಹೇಳಿದ ಖರ್ಚು ನಮ್ಮ ರೂಪಾಯಿಯಲ್ಲಿ ಮೂರು ಲಕ್ಷದ ಮೇಲೆ.

ಅಳಿಯ ಸಂಗಮೇಶ ಅವರ ಕೆಲಸ ಬರುವ ತಿಂಗಳು ಮುಗಿಯುತ್ತದೆ, ಬೇರೆಯದು ಸಿಕ್ಕಿಲ್ಲ. ಆದರೂ, “ಹಾಕ್ಸೋಣ್ರಿ ಅತ್ತಿ, ನೀವು ಚಿಂತಿ ಮಾಡಬ್ಯಾಡ್ರಿ” ಎಂದರು. ಶ್ರೇಯಾ ಗಂಡನ ಮುಖವನ್ನೇ ನೋಡುತ್ತಿದ್ದಳು.

“ಬ್ಯಾಡ ಬಿಡ್ರಿ, ನನಗ ಊರ ನೆನಪು ಭಾಳ ಆಗಾಕ್ಹತ್ತೇತಿ. ಹೊಂಟಬಿಡ್ತೀನಿ,” ಎಂದೆ.

ಸುಳ್ಳು ಹೇಳಿದೆ, ಅಕ್ಕ. ಮೊಮ್ಮಗಳು ಈಗಷ್ಟೇ ನನ್ನ ತೋಳಿಗೆ ಒಗ್ಗಿದ್ದಾಳೆ. ದೀಪಾವಳಿ ತನಕ ಇರುವ ಆಸೆಯಿತ್ತು. ಮಗಳು ‘ಇರವ್ವಾ’ ಎಂದಾಳೆಂದು ಕಾದೆ.

“ಹಂಗಾದ್ರ ಈ ತಿಂಗಳದ್ದ ಟಿಕೆಟ್ ಮಾಡಸ್ತೀನವ್ವಾ,” ಎಂದಳು. ಅಳಿಯ ತಲೆ ಎತ್ತಲಿಲ್ಲ.

ಕೆಮ್ಮಿಗೆ ಔಷಧ ಕುಡಿಯುತ್ತಿದ್ದೇನೆ, ಗಾಬರಿಯಾಗಬೇಡ. ಮಗು ಎದ್ದಿತು, ಜಾಗವೂ ಮುಗಿಯಿತು. ಯಾರಾದರೂ ಕೇಳಿದರೆ, ಚಳಿ ತಡೆಯದೆ ತಾನೇ ಬಂದಳು ಎನ್ನು.

ನಿನ್ನ ತಂಗಿ,
ಚಂದ್ರವ್ವ